ಮಾಸಿದ ಕೆಂಪಿನ ಬೆಲೆ

ಅಮೆರಿಕದ ಮಿಷಿಗನ್ ಸಂಸ್ಥಾನದ ಕ್ಯಾಲಮಜೂ ಎಂಬ ಊರಿನಲ್ಲಿ ಗಿಬ್ಸನ್ ಕಂಪನಿಯವರು 1958ರಿಂದ 1960ರವರೆಗೆ ತಯಾರಿಸಿದ 'ಲೆಸ್ ಪಾಲ್ ಸ್ಟ್ಯಾಂಡರ್ಡ್' ಎಂಬ ಎಲೆಕ್ಟ್ರಿಕ್ ಗಿಟಾರು ಆ ಕಾಲದ ಗಿರಾಕಿಗಳಿಗೆ ರುಚಿಸಲಿಲ್ಲ. ನಾಲ್ಕು ಕಿಲೋಗ್ರಾಮಿನಷ್ಟು ತೂಕದ ಮರವನ್ನು ಹೆಗಲಿಗೆ ತೂಗುಹಾಕಿಕೊಂಡು ರಾತ್ರಿಯೆಲ್ಲ ನಿಂತು ನುಡಿಸುವುದು ವಾದಕರಿಗೆ ಹಿತವಾದ ಕೆಲಸವಾಗಿರಲಿಲ್ಲ. ಅದಕ್ಕಿಂತ ಹಗುರವಾದ, ಹೊಸ ಬೆಡಗಿನ ಗಿಟಾರುಗಳು ಪಕ್ಕದ ಕಪಾಟಿನಲ್ಲಿಯೇ ದೊರೆಯುತ್ತಿದ್ದುವು. 1952ರಿಂದ ಚಿನ್ನದ ಬಣ್ಣದಲ್ಲಿ ಬರುತ್ತಿದ್ದ ಈ ಮಾದರಿಯ ಮಾರಾಟ ಕುಗ್ಗುತ್ತ ಬಂದುದನ್ನು ಕಂಡು, ಬಣ್ಣವನ್ನಾದರೂ ಬದಲಿಸಿ ನೋಡೋಣವೆಂದು ಕಂಪನಿಯವರು 1958ರಲ್ಲಿ ಅದಕ್ಕೆ ನಡುವೆ ಹಳದಿಯಾಗಿದ್ದು ಅಂಚಿನ ಕಡೆಗೆ ಕೆಂಪೇರುತ್ತ ಹೋಗುವ ಸಂಜೆಯ ವರ್ಣವನ್ನು ತೊಡಿಸಿದರು. ಆ ಉಪಾಯವೂ ಫಲಿಸಲಿಲ್ಲ. ಸುಮಾರು 250 ಡಾಲರ್ ಬೆಲೆಯ ಗಿಟಾರುಗಳನ್ನು ಮೂರು ವರ್ಷಗಳಲ್ಲಿ 1500ರ ಆಸುಪಾಸಿನಷ್ಟು ಮಾಡಿ, ಇನ್ನು ಸಾಕೆಂದು ಆ ಆಕಾರವನ್ನೇ ಕೈಬಿಟ್ಟು, 1961ರಲ್ಲಿ ತೆಳ್ಳನೆಯ, ಎರಡು ಕೊಂಬಿನ ಬೇರೊಂದು ರೂಪವನ್ನು ಮಾರುಕಟ್ಟೆಗೆ ತಂದರು. ಹೀಗೆ ತಯಾರಿಸಿದವರೂ ಕೊಳ್ಳತಕ್ಕವರೂ ಒಟ್ಟಾಗಿ ತಿರಸ್ಕರಿಸಿದ ಆ ವಸ್ತು, ಬಣ್ಣವೂ ಬಿಡಿಭಾಗಗಳೂ ಕೆಡದೆ ಇಂದು ಮಾರಾಟಕ್ಕೆ ಬಂದರೆ, ಲಕ್ಷಗಟ್ಟಲೆ ಡಾಲರುಗಳಿಗೆ ಹೋಗುತ್ತದೆ.

ಇದನ್ನು ಹಣವಂತರ ಹುಚ್ಚೆಂದು ತಳ್ಳಿಹಾಕುವುದು ಸುಲಭ. ಹಳೆಯ ಮರದ ದಿವ್ಯನಾದವೆಂದು ಕೈಮುಗಿಯುವುದು ಅದಕ್ಕಿಂತಲೂ ಸುಲಭ. ಎರಡು ಮಾರ್ಗಗಳೂ ವಿಚಾರದ ಶ್ರಮವನ್ನು ಉಳಿಸುತ್ತವೆಯಾದ್ದರಿಂದ ಎರಡಕ್ಕೂ ಅನುಯಾಯಿಗಳು ಬಹಳ. ಆದರೆ ಒಂದು ವಸ್ತು ಒಂದು ತಲೆಮಾರಿನೊಳಗೆ ಕಸದಿಂದ ರತ್ನವಾಗುವುದು ಸಾಮಾನ್ಯ ಸಂಗತಿಯಲ್ಲ. ಅದರಲ್ಲಿ ಮನುಷ್ಯನ ಕಿವಿ, ಕಣ್ಣು, ಆಸೆ, ಅಭಿಮಾನಗಳು ಹೇಗೆ ಕೆಲಸ ಮಾಡುತ್ತವೆಂಬುದನ್ನು ತಿಳಿಯಲು ಒಳ್ಳೆಯ ಅವಕಾಶವಿದೆ.

ಮೊದಲು ವಾದ್ಯದ ಸ್ವರೂಪವನ್ನು ನೋಡೋಣ. ವೀಣೆ ಪಿಟೀಲುಗಳಲ್ಲಿ ತಂತಿಯ ಕಂಪನವನ್ನು ಮರ ಗ್ರಹಿಸಿ, ಒಡಲಿನ ಗಾಳಿಯನ್ನು ಕದಡಿ, ಹಿಗ್ಗಿಸಿ, ನಮ್ಮ ಕಿವಿಗೆ ಮುಟ್ಟಿಸುತ್ತದೆ. ಅಲ್ಲಿ ಮರವೇ ಮುಕ್ಕಾಲು ವಾದ್ಯ. ಒಡಲು ಟೊಳ್ಳಿಲ್ಲದ ಎಲೆಕ್ಟ್ರಿಕ್ ಗಿಟಾರಿನಲ್ಲಾದರೋ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವನ್ನೂ, ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತಿನ ಸುರುಳಿಯನ್ನೂ ಕೂಡಿಸಿದ ಪಿಕಪ್ ಎಂಬ ಸಾಧನವಿರುತ್ತದೆ. ತಂತಿ ಮಿಡಿದಾಗ ಅಯಸ್ಕಾಂತದ ಕ್ಷೇತ್ರ ಕದಲಿ, ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟಿ, ಅದು ಆಂಪ್ಲಿಫೈಯರಿಗೆ ಹರಿದು ಅಲ್ಲಿ ಶಬ್ದವಾಗುತ್ತದೆ. ಲೆಸ್ ಪಾಲ್ ಎಂಬ ವಾದಕ 1940ರ ಸುಮಾರಿಗೆ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ನಾಲ್ಕಂಗುಲದ ಪೈನ್ ದಿಮ್ಮಿಯೊಂದಕ್ಕೆ ತಂತಿ ಬಿಗಿದು ಈ ತತ್ತ್ವವನ್ನು ಪರೀಕ್ಷಿಸಿದನಷ್ಟೆ; ಆ ದಿಮ್ಮಿಯ ಆಕಾರ ಸಭಿಕರಿಗೆ ಹಿಡಿಸದೆ ಹೋದುದರಿಂದ, ಮಾಮೂಲು ಗಿಟಾರೊಂದನ್ನು ಸೀಳಿ ಅದರ ಎರಡು ಹೋಳುಗಳನ್ನು ದಿಮ್ಮಿಯ ಇಕ್ಕೆಲಕ್ಕೂ ಸೇರಿಸಿಕೊಂಡನು. ನಾದಕ್ಕೆ ಆ ಹೋಳುಗಳಿಂದ ಯಾವ ಪ್ರಯೋಜನವೂ ಇರಲಿಲ್ಲ. ಕೇಳಲು ಬಂದವರ ಕಣ್ಣಿಗೆ ಅವು ಬೇಕಾಗಿದ್ದುವು. ಈ ವಾದ್ಯದ ಚರಿತ್ರೆಯಲ್ಲಿ ಕಣ್ಣು ಕಿವಿಗೆ ಪಾಠ ಹೇಳುವ ಕೆಲಸ ಅಲ್ಲಿಂದಲೇ ಪ್ರಾರಂಭವಾಯಿತು.

ಕ್ಯಾಲಿಫೋರ್ನಿಯದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ಲಿಯೋ ಫೆಂಡರನ ಕಥೆ ಇನ್ನೂ ಸ್ವಾರಸ್ಯವಾದದ್ದು. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತೇನೋ, ವಾದ್ಯಗಳನ್ನು ಕುರಿತ ಪರಂಪರಾಗತವಾದ ಪೂಜ್ಯಭಾವವೊಂದೂ ಅಡ್ಡಬಾರದೆ, ರೇಡಿಯೋವನ್ನು ನೋಡುವ ಕಣ್ಣಿನಿಂದಲೇ ಆತ ಗಿಟಾರನ್ನೂ ನೋಡಿದನು. 1950-51ರಲ್ಲಿ ಬಂದ ಟೆಲಿಕ್ಯಾಸ್ಟರಿನಲ್ಲಿಯೂ 1954ರ ಸ್ಟ್ರಾಟೋಕ್ಯಾಸ್ಟರಿನಲ್ಲಿಯೂ ಕತ್ತನ್ನು ಒಡಲಿಗೆ ಅಂಟಿಸದೆ ನಾಲ್ಕು ತಿರುಪುಗಳಿಂದ ಬಿಗಿದನು. ಕತ್ತಿನ ಮೇಲಣ ಲೋಹದ ಮೆಟ್ಟಿಲುಗಳು ಸವೆದರೆ ಕತ್ತನ್ನು ಬಿಚ್ಚಿ ಬೇರೊಂದನ್ನು ತೊಡಿಸಬೇಕು. ಪಿಕಪ್ ಕೆಟ್ಟರೆ ಬೇರೆ ಪಿಕಪ್ ಹಾಕಬೇಕು. ವಾದಕ ಮರುದಿನದ ಕಚೇರಿಗೆ ಸಿದ್ಧನಾಗಬೇಕು: ಇಷ್ಟೇ ಆತನ ಉದ್ದೇಶ. ಬದಲಿಸುವುದಕ್ಕೆಂದೇ ಹುಟ್ಟಿದ ಈ ವಾದ್ಯದಲ್ಲಿ ಇಂದು ಒಂದು ಬೆಸುಗೆ ಬದಲಾಗಿದ್ದರೂ ಸಂಗ್ರಾಹಕನ ಮುಖ ಸಣ್ಣದಾಗುತ್ತದೆ.

ಹಳೆಯದರ ಪಕ್ಷಪಾತಿಗಳು ಮುಂದಿಡುವ ಮೊದಲನೆಯ ವಾದ ನಾದದ್ದು. ಐವತ್ತು ಅರವತ್ತು ವರ್ಷಗಳಲ್ಲಿ ಮರ ಒಣಗಿ ಹಗುರವಾಗುತ್ತದೆ. ನೈಟ್ರೋಸೆಲ್ಯುಲೋಸಿನ ತೆಳುಲೇಪ ಇನ್ನಷ್ಟು ತೆಳುವಾಗಿ, ಬೇಸಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು ಬಿಟ್ಟು, ಮರಕ್ಕೆ ಬಿಡುಗಡೆಯನ್ನು ಕೊಡುತ್ತದೆ. ಅಯಸ್ಕಾಂತ ಸ್ವಲ್ಪ ಸೊರಗಿ ಧ್ವನಿಯ ಕರ್ಕಶತೆಯನ್ನು ಕಳೆಯುತ್ತದೆ, ಎನ್ನುತ್ತಾರೆ. ಇದರಲ್ಲಿ ಕೆಲವಂಶ ನಿಜವಿರಬಹುದು. ಮರದ ಗುಣ ತಂತಿಯ ಮಿಡಿತ ನಿಲ್ಲುವ ಕಾಲದ ಮೇಲೆ ಪ್ರಭಾವ ಬೀರಬಲ್ಲುದೆಂದು ಒಪ್ಪಿದರೂ, ಆ ಪ್ರಭಾವ ಎಷ್ಟೆಂಬ ವಿಷಯದಲ್ಲಿ ಬಲ್ಲವರ ಜಗಳ ಇನ್ನೂ ಮುಗಿದಿಲ್ಲ. ಪಿಕಪ್ಪಿನ ಮಾತಿನಲ್ಲಿಯಾದರೋ ವಿಷಯ ಸ್ಪಷ್ಟವಾಗಿದೆ. ಗಿಬ್ಸನ್ನಿನ ಸೆತ್ ಲವರ್ ಎಂಬ ಇಂಜಿನಿಯರು, ವಿದ್ಯುದ್ದೀಪಗಳೂ ಟ್ರಾನ್ಸ್‌ಫಾರ್ಮರುಗಳೂ ಪಿಕಪ್ಪಿನೊಳಗೆ ತುಂಬುವ ಗುಂಯ್‌ಗುಡಿತವನ್ನು ಅಡಗಿಸಲೆಂದು, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ ಎರಡು ಸುರುಳಿಗಳ ಹಂಬಕರ್ ಪಿಕಪ್ಪನ್ನು ರಚಿಸಿ, 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಆ ಸುರುಳಿಗಳನ್ನು ಸುತ್ತುವ ಯಂತ್ರಗಳು ನಿಲ್ಲತಕ್ಕ ಜಾಗದಲ್ಲಿ ತಾವಾಗಿ ನಿಲ್ಲುತ್ತಿರಲಿಲ್ಲವಾಗಿ, ಕೆಲಸದಾಕೆಯ ಗಮನದಂತೆ ಒಂದರಲ್ಲಿ ಸುತ್ತು ಹೆಚ್ಚಾಗಿ ಇನ್ನೊಂದರಲ್ಲಿ ಕಡಮೆಯಾಯಿತು; ಅಯಸ್ಕಾಂತಗಳೂ ಕೈಗೆ ಸಿಕ್ಕ ದರ್ಜೆಯವು ಬಿದ್ದುವು. ಆದ್ದರಿಂದ ಒಂದೇ ವಾರದಲ್ಲಿ ಹೊರಬಿದ್ದ ಎರಡು ಗಿಟಾರುಗಳ ಕಂಠ ಬೇರೆಬೇರೆಯಾಗಿರುವುದುಂಟು. ಇಂದು ಅದನ್ನು ಪ್ರತಿಯೊಂದು ವಾದ್ಯದ ವ್ಯಕ್ತಿತ್ವವೆಂದು ಹೊಗಳುತ್ತಾರೆ; ಅಂದಿನ ಮೇಸ್ತ್ರಿಗೆ ಅದು ಕೆಲಸದಲ್ಲಿಯ ಅಳತೆತಪ್ಪು.

ತಪ್ಪು ಸೌಂದರ್ಯವಾದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. 1958 ಮತ್ತು 59ರ ಗಿಟಾರುಗಳ ಅಂಚಿಗೆ ಬಳಸಿದ ಕೆಂಪುಬಣ್ಣ ಬೆಳಕನ್ನು ತಾಳುವ ಜಾತಿಯದಾಗಿರಲಿಲ್ಲ. ಅಂಗಡಿಯ ಕಿಟಕಿಯಲ್ಲಿ ಕೆಲವು ತಿಂಗಳು ತೂಗಿದವು ಪೂರ್ತಿ ನಿಂಬೆಯ ಹಳದಿಗೆ ತಿರುಗಿದುವು. ಪೆಟ್ಟಿಗೆಯಲ್ಲಿದ್ದವು ಕೆಂಪಾಗಿಯೇ ಉಳಿದುವು. ನಡುವಣ ಅದೃಷ್ಟದವು ಚಹದ ಬಣ್ಣ, ಜೇನಿನ ಬಣ್ಣ, ಒಣಗಿದ ತಂಬಾಕಿನ ಬಣ್ಣಗಳನ್ನು ತಾಳಿದುವು. ಪಿಕಪ್ಪಿನ ಸುತ್ತಣ ಪ್ಲಾಸ್ಟಿಕ್ ಚೌಕಟ್ಟನ್ನು ಬಿಚ್ಚಿದರೆ, ಅದರ ಅಡಿಯಲ್ಲಿ ಬೆಳಕು ಕಾಣದ ಮರದ ಮೇಲೆ ಹುಟ್ಟಿದ ದಿನದ ಬಣ್ಣ ಇನ್ನೂ ಹಸಿಯಾಗಿ ಕಾಣುತ್ತದೆ. ದೂರುಗಳು ಬಂದುವೋ ಏನೋ, 1960ರಲ್ಲಿ ಕಂಪನಿಯವರು ಮಾಸದ ಕೆಂಪನ್ನು ಹುಡುಕಿ ಬಳಸಿದರು. ಮಾಸದ ಆ ಕೆಂಪಿಗಿಂತ ಮಾಸಿದ ಈ ಕೆಂಪೇ ಇಂದಿನ ರಸಿಕರಿಗೆ ಪ್ರಿಯ. ಒಂದೇ ಹಂಡೆಯ ಬಣ್ಣದಿಂದ ಹೊರಟ ನೂರಾರು ಗಿಟಾರುಗಳಲ್ಲಿ ಇಂದು ಯಾವ ಎರಡೂ ಒಂದೇ ವರ್ಣದವಲ್ಲ. ಕಾರ್ಖಾನೆ ಕೊಡಲಾಗದ ವೈವಿಧ್ಯವನ್ನು ಬಿಸಿಲು ಕೊಟ್ಟಿದೆ. ಈ ಆಕರ್ಷಣೆಯನ್ನು ನಾನು ಅಲ್ಲಗಳೆಯಲಾರೆ. ಅದು ಕಣ್ಣಿನ ಸಂತೋಷವೆಂಬುದನ್ನು ಮಾತ್ರ ನೆನಪಿಡಬೇಕು.

ಕಿವಿಯ ಪರೀಕ್ಷೆಗೆ ಬಂದರೆ, ಗಿಟಾರಿಗಿಂತ ಪಿಟೀಲಿನ ಲೋಕದಲ್ಲಿ ಒಳ್ಳೆಯ ಸಾಕ್ಷ್ಯ ದೊರೆಯುತ್ತದೆ. ಫ್ರಾನ್ಸಿನ ಕ್ಲಾಡಿಯಾ ಫ್ರಿಟ್ಸ್ ಎಂಬ ವಿದುಷಿಯೂ, ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಎಂಬಾತನೂ ಸಂಗಡಿಗರೊಡನೆ ಸೇರಿ 2010ರಲ್ಲಿ ಇಂಡಿಯಾನಾಪೊಲಿಸಿನಲ್ಲಿ 21 ಮಂದಿ ವಾದಕರ ಕೈಗೆ ಆರು ಪಿಟೀಲುಗಳನ್ನು ಕೊಟ್ಟರು. ಬೆಳಕು ಮಂದವಾಗಿತ್ತು, ಯಾವುದು ಯಾವುದೆಂದು ಕಾಣದಂತೆ ವಾದಕರಿಗೆ ಬೆಸುಗೆಗಾರರ ಕನ್ನಡಕವನ್ನು ತೊಡಿಸಿದ್ದರು. ಮೂರು ಹೊಸವು; ಉಳಿದ ಮೂರು ಸ್ಟ್ರಾಡಿವೇರಿ, ಗ್ವಾರ್ನೇರಿಗಳ ಪ್ರಾಚೀನ ಕೃತಿಗಳು. ಬಹುಮಂದಿಗೆ ಮೆಚ್ಚಾದುದು ಹೊಸದೇ. ಕಡೆಯ ಸ್ಥಾನ ಬಿದ್ದುದು ಒಂದು ಸ್ಟ್ರಾಡಿವೇರಿಗೆ. ತರುವಾಯ 2012ರಲ್ಲಿ ಪ್ಯಾರಿಸಿನ ಸಮೀಪದಲ್ಲಿ ಹತ್ತು ಮಂದಿ ಪ್ರಸಿದ್ಧ ವಾದಕರೊಡನೆ, ಹೆಚ್ಚು ಕಾಲಾವಕಾಶವನ್ನು ಕೊಟ್ಟು ಮಾಡಿದ ಪ್ರಯೋಗದಲ್ಲಿಯೂ ಹೊಸದರ ಕಡೆಗೇ ಒಲವು ಕಂಡಿತು. ಮುನ್ನೂರು ವರ್ಷದ ಮರ, ನಾದವೆಲ್ಲ ಮರದಿಂದಲೇ ಹೊರಡುವ ವಾದ್ಯದಲ್ಲಿಯೇ, ಹೀಗೆ ಸೋಲುವುದಾದರೆ, ಮರದ ಪಾತ್ರ ಎಷ್ಟೋ ಗೌಣವಾದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಅರವತ್ತು ವರ್ಷದ ವಯಸ್ಸಿನ ಮೇಲೆ ಇಷ್ಟು ಭಾರವನ್ನು ಹೇರುವುದು ನ್ಯಾಯವೇ?

ವ್ಯಾಪಾರಿಗಳ ಆಚಾರವೂ ಇದಕ್ಕೆ ಪೋಷಕವಾಗಿದೆ. 1959ರದೆನ್ನುವ ಗಿಟಾರೊಂದು ಪರೀಕ್ಷೆಗೆ ಬಂದರೆ ಬಲ್ಲವನು ಅದನ್ನು ಮೊದಲು ನುಡಿಸಿ ನೋಡುವುದಿಲ್ಲ. ಕೋಣೆಯ ದೀಪವನ್ನು ಆರಿಸಿ ನೇರಳಾತೀತ ದೀಪವನ್ನು ಹಿಡಿಯುತ್ತಾನೆ. ಹಳೆಯ ಲೇಪ ಹಸುರುಮಿಶ್ರಿತವಾದ ಮಂಕು ಬೆಳಕನ್ನು ಬೀರಿದರೆ ಸಂತೋಷ, ಎಲ್ಲಿಯಾದರೂ ಕಪ್ಪು ತೇಪೆ ಕಂಡರೆ ಅಲ್ಲಿ ಹೊಸ ಬಣ್ಣ ಬಿದ್ದಿದೆಯೆಂದು ಅರ್ಥ. ತಲೆಯ ಹಿಂಬದಿಯಲ್ಲಿ ಶಾಯಿಯಿಂದೊತ್ತಿದ ಸಂಖ್ಯೆ 9ರಿಂದ ಪ್ರಾರಂಭವಾಗಿದೆಯೇ ಎಂದು ನೋಡುತ್ತಾನೆ. ಹಿಂದಣ ಮುಚ್ಚಳವನ್ನು ಬಿಚ್ಚಿ, ಧ್ವನಿಯನ್ನು ಏರಿಳಿಸುವ ಗುಂಡಿಗಳ ಬೆನ್ನಿನ ಮೇಲಣ ಅಂಕಿಗಳಲ್ಲಿ ತಯಾರಕನ ಗುರುತು, ವರ್ಷ, ವಾರಗಳನ್ನು ಓದಿಕೊಳ್ಳುತ್ತಾನೆ. ಬೆಸುಗೆಯ ಹೊಳಪನ್ನು ಪರಿಶೀಲಿಸುತ್ತಾನೆ. ಪಿಕಪ್ಪಿನ ತಳದಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದೆಯೆಂದು ಹೇಳುವ ಬೆರಳಿನ ಉಗುರಿನಷ್ಟು ಕರಿಯ ಚೀಟಿಯನ್ನು ಹುಡುಕುತ್ತಾನೆ. (ಪೇಟೆಂಟು 1959ರಲ್ಲಿಯೇ ಸಿಕ್ಕಿದರೂ ಆ ಚೀಟಿ ಹಲವು ವರ್ಷ ಹಾಗೆಯೇ ಮುಂದುವರಿಯಿತು, ಕೊನೆಗೆ ಸಂಖ್ಯೆಯನ್ನು ಅಚ್ಚು ಹಾಕಿಸಿದಾಗ, ಪಿಕಪ್ಪಿನ ಸಂಖ್ಯೆಗೆ ಬದಲಾಗಿ ಲೆಸ್ ಪಾಲನ ತಂತಿಕಟ್ಟಿನ ಪೇಟೆಂಟಿನ ಸಂಖ್ಯೆಯನ್ನು ಹಾಕಿಸಿಬಿಟ್ಟರು.) ಮೊದಮೊದಲ ಚಿನ್ನದ ಬಣ್ಣದ ಗಿಟಾರುಗಳನ್ನು ಕೆರೆದು, ಕೆಂಪು ಬಳಿದು, ಬೆಲೆಬಾಳುವ ವರ್ಷದ್ದೆಂದು ದಾಟಿಸುವ ಕಳ್ಳಕೈಗಳು ಈ ವ್ಯಾಪಾರದಲ್ಲಿ ಬಹಳವಿರುವುದರಿಂದ ಇಷ್ಟೆಲ್ಲ ಎಚ್ಚರ ಬೇಕು, ನಿಜ. ಆದರೆ ಸಾಚಾ ನಾದ ಅಷ್ಟೊಂದು ವಿಶಿಷ್ಟವಾಗಿದ್ದರೆ ಆಂಪ್ಲಿಫೈಯರಿನ ಮುಂದೆ ಎರಡು ನಿಮಿಷ ಕುಳಿತರೆ ಸಾಕಾಗಿರಬೇಕಿತ್ತು. ದೀಪವೂ ತಿರುಪುಳಿಯೂ ಏತಕ್ಕೆ?

ಹಾಗಾದರೆ ನಾದದ ಮಾತೆಲ್ಲ ಭ್ರಮೆಯೇ? ಹಾಗೂ ಹೇಳಲಾಗದು. ಆ ಗಿಟಾರುಗಳ ನಾದ ಚೆನ್ನಾಗಿದೆಯೆಂದು ನಮಗೆ ತೋರುವುದು ಸತ್ಯ. ಹಾಗೆ ತೋರುವುದೇಕೆಂಬುದು ಪ್ರಶ್ನೆ. 1960ರ ದಶಕದ ಲಂಡನ್ನಿನಲ್ಲಿ ಗಿಬ್ಸನ್ನಿನವರು ಕೈಬಿಟ್ಟ ಈ ಗಿಟಾರುಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಹೆಚ್ಚು ಹಣವಿಲ್ಲದ ಹುಡುಗರ ಕೈಗೆ ನಿಲುಕುವಂತಿದ್ದುವು. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಮೇಳದ ಕೀತ್ ರಿಚರ್ಡ್ಸ್ ಒಂದನ್ನು ಹಿಡಿದನು. ಜಾನ್ ಮೇಯಲನ ಬ್ಲೂಸ್‌ಬ್ರೇಕರ್ಸ್ ಮೇಳದಲ್ಲಿದ್ದ ಎರಿಕ್ ಕ್ಲಾಪ್ಟನ್ ಇನ್ನೊಂದನ್ನು ಕೊಂಡು, 1966ರ ಧ್ವನಿಮುದ್ರಣದಲ್ಲಿ ಅದನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ಸ್ಟುಡಿಯೋದ ಸಭ್ಯತೆಯನ್ನು ಲೆಕ್ಕಿಸದೆ, ವಾಲ್ವುಗಳು ತಮ್ಮ ಶಕ್ತಿಯನ್ನು ಮೀರಿ ಬಿರಿಯುವಷ್ಟು ಗಟ್ಟಿಯಾಗಿ ನುಡಿಸಿದನು. ಆ ದಪ್ಪನೆಯ, ಎಳೆದರೆ ಎಳೆದಷ್ಟು ನಿಲ್ಲುವ, ಹಾಡುವ ಧ್ವನಿ ಅದುವರೆಗೆ ಯಾರ ಕಿವಿಗೂ ಅಷ್ಟು ನಿಚ್ಚಳವಾಗಿ ಬಿದ್ದಿರಲಿಲ್ಲ. ಆ ಗಿಟಾರು ಅದೇ ವರ್ಷ ಕಳುವಾಯಿತು. ಧ್ವನಿ ಮಾತ್ರ ಉಳಿದು, ಒಂದು ಪೀಳಿಗೆಯ ಹುಡುಗರಿಗೆ ಎಲೆಕ್ಟ್ರಿಕ್ ಗಿಟಾರೆಂದರೆ ಹೀಗೆ ಕೇಳಿಸಬೇಕೆಂಬ ಆದರ್ಶವನ್ನು ಕೊಟ್ಟಿತು. ಮೊದಲು ಮಾನದಂಡವಿದ್ದು ಅದಕ್ಕೆ ಆ ಗಿಟಾರು ಸರಿಹೊಂದಿತೆಂದಲ್ಲ. ಆ ಗಿಟಾರಿನಿಂದ ಹೊರಟುದೇ ಮಾನದಂಡವಾಯಿತು. ಒಬ್ಬ ದೊಡ್ಡ ಗಾಯಕನ ಒಡಕುದನಿಯೇ ಶಿಷ್ಯಪರಂಪರೆಯಲ್ಲಿ ಘರಾನೆಯ ಲಕ್ಷಣವಾಗುವುದನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಕ್ಲಾಪ್ಟನನ ತರುವಾಯ ಅದೇ ಮೇಳಕ್ಕೆ ಬಂದ ಪೀಟರ್ ಗ್ರೀನನ ಗಿಟಾರು ಈ ಮಾತಿಗೆ ಇನ್ನೂ ತೀಕ್ಷ್ಣವಾದ ಉದಾಹರಣೆ. 1959ರ ಆ ಲೆಸ್ ಪಾಲಿನ ಎರಡು ಪಿಕಪ್ಪುಗಳಲ್ಲಿ ಕತ್ತಿನ ಕಡೆಯದರ ಅಯಸ್ಕಾಂತ ತಿರುಗುಮುರುಗಾಗಿ ಬಿದ್ದಿತ್ತು. ಎರಡನ್ನೂ ಒಟ್ಟಿಗೆ ನುಡಿಸಿದಾಗ ಒಂದರ ಅಲೆ ಇನ್ನೊಂದರ ಅಲೆಯನ್ನು ಭಾಗಶಃ ನುಂಗಿ, ಮೂಗಿನಲ್ಲಿ ಹಾಡಿದಂತಹ, ಒಳಗೆ ಟೊಳ್ಳಾದ, ಅಳುವ ದನಿಯೊಂದು ಹೊರಡುತ್ತಿತ್ತು. ಯಾವ ರಿಪೇರಿಯವನಾದರೂ ಅರ್ಧ ಗಂಟೆಯಲ್ಲಿ ಸರಿಪಡಿಸಿ ಕೊಡಬಹುದಾಗಿದ್ದ ಆ ದೋಷವನ್ನು ಗ್ರೀನ್ ಹಾಗೆಯೇ ಬಿಟ್ಟನು. ಆತ ಕಟ್ಟಿದ ಫ್ಲೀಟ್‌ವುಡ್ ಮ್ಯಾಕ್ ಮೇಳದ ಮೊದಲ ದಿನಗಳ ಧ್ವನಿ ಅದರಿಂದಲೇ ರೂಪುಗೊಂಡಿತು. ಮುಂದೆ ಸಂಸಾರದ ವಸ್ತುಗಳಲ್ಲಿ ವೈರಾಗ್ಯ ತಾಳಿದ ಗ್ರೀನ್ ಅದನ್ನು ಅಲ್ಪಬೆಲೆಗೆ ಗ್ಯಾರಿ ಮೂರ್ ಎಂಬ ತರುಣನಿಗೆ ಕೊಟ್ಟುಬಿಟ್ಟನು. ಮೂರ್ ಮೂರು ದಶಕಗಳಿಗೂ ಮೇಲ್ಪಟ್ಟು ಅದನ್ನು ನುಡಿಸಿ, 2006ರಲ್ಲಿ ಮಾರಿದನು; 2014ರಲ್ಲಿ ಅದು ಮೆಟಾಲಿಕಾ ಮೇಳದ ಕರ್ಕ್ ಹ್ಯಾಮೆಟನ ಕೈಸೇರಿತು. ದಾನದಂತೆ ಕೈಬದಲಾದ ವಾದ್ಯ ಐಶ್ವರ್ಯವಾದುದಕ್ಕೆ ಮರ ಕಾರಣವಲ್ಲ, ಅಯಸ್ಕಾಂತವೂ ಕಾರಣವಲ್ಲ. ದೋಷದೊಳಗೆ ದನಿಯನ್ನು ಕೇಳಬಲ್ಲ ಕಿವಿಯೊಂದು, ಅದನ್ನು ಕೊಳ್ಳುವ ಶಕ್ತಿ ತನಗಿದ್ದ ಕಾಲದಲ್ಲಿ, ಅದರ ಹತ್ತಿರ ಬಂದುದೇ ಕಾರಣ.

ನನ್ನ ಪಕ್ಷ ಇದು: ಹಳೆಯ ಎಲೆಕ್ಟ್ರಿಕ್ ಗಿಟಾರಿನ ಮೌಲ್ಯ ಅದರ ಹುಟ್ಟಿನಲ್ಲಿ ಇರಲಿಲ್ಲ, ವಯಸ್ಸಿನಿಂದಲೂ ಬರಲಿಲ್ಲ, ಅದು ಅಗ್ಗವಾಗಿದ್ದಾಗ ಅದನ್ನು ಹಿಡಿದು ಹಿಂಡಿದವರು ಅದಕ್ಕೆ ಆ ಮೌಲ್ಯವನ್ನು ತುಂಬಿದರು. ಇದಕ್ಕೆ ವಿರುದ್ಧವಾಗಿ, ಹಳೆಯ ಕಾಲದ ಕೆಲಸವೇ ಉತ್ತಮವಾಗಿತ್ತು, ಅಷ್ಟರಿಂದಲೇ ಬೆಲೆ ಬಂದಿದೆ ಎನ್ನುವವರುಂಟು. ಅವರ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವುದು ಸಾಧುವಲ್ಲ. 1965ರ ಜನವರಿಯಲ್ಲಿ ಲಿಯೋ ಫೆಂಡರ್ ತನ್ನ ಕಂಪನಿಯನ್ನು ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ ತರುವಾಯ ಖರ್ಚುಳಿಸುವ ಕ್ರಮಗಳು ಒಂದೊಂದಾಗಿ ಬಂದುವು; ತೆಳುವಾದ ಲೇಪದ ಸ್ಥಾನದಲ್ಲಿ ದಪ್ಪನೆಯ ಪಾಲಿಯೆಸ್ಟರ್ ಲೇಪ ಬಂತು; 1971ರ ಸುಮಾರಿಗೆ ಸ್ಟ್ರಾಟೋಕ್ಯಾಸ್ಟರಿನ ಕತ್ತಿನ ನಾಲ್ಕು ತಿರುಪುಗಳು ಮೂರಾದುವು. ಸಂಗ್ರಾಹಕರು 1965ನ್ನು ಯುಗಾಂತರವೆಂಬಂತೆ ಎಣಿಸುವುದಕ್ಕೆ ಆಧಾರವಿಲ್ಲದೆ ಇಲ್ಲ. ಆದರೂ 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕಿನ ವೇದಿಕೆಯ ಮೇಲೆ ಅಮೆರಿಕದ ರಾಷ್ಟ್ರಗೀತೆಯಲ್ಲಿ ಬಾಂಬಿನ ಸಿಡಿತವನ್ನೂ ಆಕ್ರಂದನವನ್ನೂ ಕೇಳಿಸಿದ ಜಿಮಿ ಹೆಂಡ್ರಿಕ್ಸನ ಕೈಯಲ್ಲಿದ್ದುದು 1968ರಲ್ಲಿ ತಯಾರಾದ ಬಿಳಿಯ ಸ್ಟ್ರಾಟೋಕ್ಯಾಸ್ಟರು. ಅಂದರೆ ಅವನತಿಯ ಕಾಲದ್ದೆಂದು ಹಳಿಯಲ್ಪಡುವ ಸರಕೇ. ಕೆಲಸದ ಅಚ್ಚುಕಟ್ಟು ವಾದ್ಯಕ್ಕೆ ಅಗತ್ಯವೆಂಬುದು ಸರಿ. ಅಷ್ಟರಿಂದಲೇ ಯಾವ ಗಿಟಾರೂ ದಂತಕಥೆಯಾಗಲಿಲ್ಲ.

ಮೂಲಸ್ಥಿತಿಯನ್ನು ಕುರಿತ ಮಡಿವಂತಿಕೆಯ ವಿಷಯವಾಗಿ ಎರಡು ಮಾತು. ನಮ್ಮ ಸಂಪ್ರದಾಯದಲ್ಲಿ ಜೀರ್ಣೋದ್ಧಾರ ಪುಣ್ಯಕಾರ್ಯ. ಕುಸಿದ ಕಂಬವನ್ನು ತೆಗೆದು ಹೊಸ ಕಂಬವನ್ನು ನಿಲ್ಲಿಸಿದ ಮಾತ್ರಕ್ಕೆ ದೇವಸ್ಥಾನ ಬೇರೆಯದಾಯಿತೆಂದು ಯಾರೂ ಹೇಳುವುದಿಲ್ಲ, ಪೂಜೆ ನಡೆಯುತ್ತಿರುವವರೆಗೆ ಅದು ಅದೇ. ಗಿಟಾರಿನ ಸಂಗ್ರಾಹಕನ ಶಾಸ್ತ್ರ ಇದಕ್ಕೆ ತೀರ ವಿರುದ್ಧ. ಸವೆದ ಮೆಟ್ಟಿಲುಗಳನ್ನು ಬದಲಿಸಿದರೆ ಬೆಲೆ ಇಳಿಯುತ್ತದೆ. ಇಡಿಯ ಗಿಟಾರಿಗೆ ಮತ್ತೆ ಬಣ್ಣ ಹಾಕಿಸಿದರಂತೂ ಅರ್ಧಕ್ಕರ್ಧ ಇಳಿಯುತ್ತದೆಂದು ವ್ಯಾಪಾರಿಗಳ ಸ್ಥೂಲ ಲೆಕ್ಕ. ಆದುದರಿಂದ ನುಡಿಸಲಾಗದ ಸ್ಥಿತಿಯಲ್ಲಿರುವ ಗಿಟಾರು, ನುಡಿಸುವಂತೆ ದುರಸ್ತಾದ ಗಿಟಾರಿಗಿಂತ ಬೆಲೆಯುಳ್ಳದ್ದಾಗುವ ವಿಪರೀತವೂ ನಡೆಯುತ್ತದೆ. ಪಿಂಕ್ ಫ್ಲಾಯ್ಡ್ ಮೇಳದ ಡೇವಿಡ್ ಗಿಲ್ಮೋರ್ ಈ ಶಾಸ್ತ್ರವನ್ನು ಒಂದೇ ವಾದ್ಯದಿಂದ ಬುಡಮೇಲು ಮಾಡಿದನೆನ್ನಬೇಕು. 1970ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಕೊಂಡ ಕಪ್ಪು ಸ್ಟ್ರಾಟೋಕ್ಯಾಸ್ಟರಿನ ಕತ್ತನ್ನು ಆತ ಹಲವು ಸಲ ಬದಲಿಸಿದನು, ಪಿಕಪ್ಪುಗಳನ್ನು ಬದಲಿಸಿದನು, ಒಡಲಿನಲ್ಲಿ ಬೇಕೆಂದಾಗ ತೂತು ಕೊರೆದು, ಬೇಡವೆಂದಾಗ ಮುಚ್ಚಿದನು. ಮೂಲದ್ದೆನ್ನಲು ಮರದ ಹಲಗೆಯಷ್ಟೇ ಉಳಿದಿತ್ತೆಂದರೂ ಸಲ್ಲುವ ಆ ಗಿಟಾರು 2019ರ ಜೂನಿನಲ್ಲಿ ಕ್ರಿಸ್ಟೀಸ್ ಸಂಸ್ಥೆಯ ಹರಾಜಿನಲ್ಲಿ 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಹರಾಜಿನ ಹಣವನ್ನು ಆತ ಹವಾಮಾನ ವೈಪರೀತ್ಯದ ವಿರುದ್ಧ ಹೋರಾಡುವ ಸಂಸ್ಥೆಯೊಂದಕ್ಕೆ ಕೊಟ್ಟನು. ಮಡಿಯ ಲೆಕ್ಕದಲ್ಲಿ ಅದಕ್ಕೆ ಸಿಕ್ಕತಕ್ಕ ಬೆಲೆ ಎಷ್ಟೆಂಬುದನ್ನು ಮಡಿವಂತರೇ ಹೇಳಲಿ.

ಇಷ್ಟು ಹೇಳಿದ ಮೇಲೂ, ಒಡೆಯದೆ, ಬದಲಿಸದೆ ಉಳಿಸಿಕೊಂಡ ಹಳೆಯ ಗಿಟಾರಿನಲ್ಲಿ ನಾನು ಮನಸಾರೆ ಗೌರವಿಸುವ ಗುಣವೊಂದುಂಟು. ಅದು ಅದರ ಸಾಕ್ಷಿಗುಣ. 1950ರ ದಶಕದ ಸ್ಟ್ರಾಟೋಕ್ಯಾಸ್ಟರಿನ ನಾಲ್ಕು ತಿರುಪುಗಳನ್ನು ಸಡಿಲಿಸಿ ಕತ್ತನ್ನು ಈಚೆಗೆ ತೆಗೆದರೆ, ಒಡಲಿನ ಗುಳಿಯಲ್ಲಿ ಅಡಗಿರುತ್ತಿದ್ದ ಅದರ ಬುಡದ ಮೇಲೆ ಸೀಸದಕಡ್ಡಿಯಿಂದ ಬರೆದ ತಾರೀಖೂ ಎರಡು ಅಕ್ಷರಗಳೂ ಕಾಣುವುದುಂಟು. ಟಿ, ಜಿ ಎಂಬ ಆ ಅಕ್ಷರಗಳು ಕತ್ತಿನ ಹಿಂಬದಿಯ ದುಂಡನ್ನು ಅಂಗೈಗೆ ಒಪ್ಪುವಂತೆ ಉಜ್ಜಿ ತಿದ್ದಿದ ಟಡೇಯೋ ಗೋಮೆಜ್ ಎಂಬ ಕೆಲಸಗಾರನ ಹೆಸರಿನವು. 1954ರ ಕೆಲವು ಗಿಟಾರುಗಳ ಗುಂಡಿಗಳ ಗೂಡಿನಲ್ಲಿ ಅಂಟಿಸಿದ ಕಾಗದದ ಟೇಪಿನ ತುಂಡಿನ ಮೇಲೆ ಮೇರಿ ಎಂದೋ ಗ್ಲೋರಿಯಾ ಎಂದೋ ಬರೆದಿರುತ್ತದೆ. ತಂತಿ ಬೆಸೆದ ಹೆಂಗಸು ತನ್ನ ಕೆಲಸಕ್ಕೆ ಹಾಕಿದ ರುಜು ಅದು. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಯಬಾರಾ ಎಂಬಾಕೆ ಅರ್ಧ ಶತಮಾನಕ್ಕೂ ಮಿಕ್ಕಿ ಪಿಕಪ್ಪಿನ ಸುರುಳಿಗಳನ್ನು ಸುತ್ತುತ್ತಲೇ ಇದ್ದಳು. ಮೆಕ್ಸಿಕೋ ಮೂಲದ ಈ ಜನರ ಹೆಸರು ಆ ಕಾಲದ ಜಾಹೀರಾತುಗಳಲ್ಲಿ ಬರಲಿಲ್ಲ; ಯಾರೂ ನೋಡದ ಜಾಗದಲ್ಲಿ ಮರದ ಮೇಲೆ ಉಳಿಯಿತು. ಹೊಸ ಗಿಟಾರನ್ನು ಕಲ್ಲಿಗೆ ಉಜ್ಜಿ, ತುಕ್ಕು ಹಿಡಿಸಿ, ತೋಳು ತಾಗುವ ಕಡೆ ಬಣ್ಣ ಹೋದಂತೆ ಮಾಡಿ ಮಾರುವ ಪದ್ಧತಿಯನ್ನು ಫೆಂಡರ್ ಕಂಪನಿಯವರೇ 1995ರಿಂದ ಆರಂಭಿಸಿದ್ದಾರೆ; ವೃದ್ಧಾಪ್ಯದ ವೇಷವನ್ನು ಹೀಗೆ ಎಷ್ಟು ಬೇಕಾದರೂ ಕೊಡಬಹುದು. ಗೋಮೆಜನ ಪೆನ್ಸಿಲಿನ ಗೀಟನ್ನು ಕೊಡಲಾಗುವುದಿಲ್ಲ.

ಮರವೂ ಒಂದು ಸಾಕ್ಷಿ. ಹಳೆಯ ಗಿಬ್ಸನ್, ಫೆಂಡರುಗಳಲ್ಲಿ ಹಲವುಗಳ ಬೆರಳುಹಲಗೆಗೆ ಹಾಕಿದುದು ಬ್ರೆಜಿಲ್ಲಿನ ರೋಸ್‌ವುಡ್. ಕಾಡು ಬರಿದಾಗುತ್ತ ಬಂದಂತೆ ಆ ದೇಶ 1960ರ ದಶಕದ ಕೊನೆಗೆ ದಿಮ್ಮಿಗಳ ರಫ್ತನ್ನು ತಡೆಯಿತು, 1992ರಲ್ಲಿ ಆ ಮರದ ಅಂತರರಾಷ್ಟ್ರೀಯ ವ್ಯಾಪಾರವೇ ನಿಷಿದ್ಧವಾಯಿತು. ಅದರ ಸ್ಥಾನಕ್ಕೆ ಹೋದುದು ನಮ್ಮ ಪಶ್ಚಿಮಘಟ್ಟಗಳ ಬೀಟೆ. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬಾಗಿಲಾಗಿ ನಿಂತಿರುವ ಮರವೇ ನ್ಯಾಷ್‌ವಿಲ್ಲಿನ ವಾದಕನ ಬೆರಳಿನಡಿಯಲ್ಲಿಯೂ ಇದೆಯೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. 2017ರ ಜನವರಿಯಲ್ಲಿ ಆ ಕುಲದ ಎಲ್ಲ ಮರಗಳಿಗೂ ನಿರ್ಬಂಧ ವಿಸ್ತರಿಸಿದಾಗ ವಾದ್ಯಲೋಕವೆಲ್ಲ ಗೊಣಗಿತು. 2019ರ ನವೆಂಬರಿನಲ್ಲಿ ಸಿದ್ಧವಾದ್ಯಗಳಿಗೆ ವಿನಾಯಿತಿ ದೊರೆಯಿತು. ಹಳೆಯ ಗಿಟಾರನ್ನು ಎಸೆಯದೆ ಇಟ್ಟುಕೊಳ್ಳುವುದಕ್ಕೆ ಹೊಸ ಮರ ಕಡಿಯಬೇಕಾಗಿಲ್ಲವೆಂಬ ಕಾರಣವೊಂದೇ ಸಾಕೆಂದು ನನಗೆ ಹಲವು ಸಲ ತೋರಿದೆ.

ಇನ್ನು ಬೆಲೆಯ ಮಾತು. ಬೆಲೆ ಏರಿದೊಡನೆ ಗಿಟಾರು ವೇದಿಕೆಯಿಂದ ಬ್ಯಾಂಕಿನ ಲಾಕರಿಗೆ ಹೋಗುತ್ತದೆ, ವಿಮೆಯವರು ಅದನ್ನು ಹೊರಗೆ ಒಯ್ಯಬಾರದೆನ್ನುತ್ತಾರೆ, ಮಕ್ಕಳು ಮುಟ್ಟಬಾರದೆನ್ನುತ್ತಾರೆ, ಕೊಂಡವನೇ ಬೆವರುಗೈಯಿಂದ ಹಿಡಿಯಲು ಅಂಜುತ್ತಾನೆ. ಹಿಂದೆ ಗ್ರೀನನಂಥವನು ಅದನ್ನು ಹಿಡಿದುದರಿಂದ ಬಂದ ಬೆಲೆ, ಮುಂದೆ ಗ್ರೀನನಂಥವನು ಹಿಡಿಯದಂತೆ ತಡೆಯುತ್ತದೆ. ಪಿಟೀಲಿನವರು ಇದಕ್ಕೊಂದು ಪರಿಹಾರವನ್ನು ಕಂಡುಕೊಂಡಿದ್ದಾರೆ. ಜಪಾನಿನ ನಿಪ್ಪಾನ್ ಮ್ಯೂಸಿಕ್ ಫೌಂಡೇಷನ್ನಿನಂತಹ ಸಂಸ್ಥೆಗಳು ಸ್ಟ್ರಾಡಿವೇರಿಗಳನ್ನು ತಾವು ಕೊಂಡು, ಅರ್ಹರಾದ ವಾದಕರಿಗೆ ಬಾಡಿಗೆಯಿಲ್ಲದೆ ಎರವಲು ಕೊಡುತ್ತವೆ. ಗಿಟಾರಿನ ಲೋಕದಲ್ಲಿ ಅಂತಹ ವ್ಯವಸ್ಥೆ ಬೇರೂರಿಲ್ಲ. ಹ್ಯಾಮೆಟನು ಗ್ರೀನನ ಗಿಟಾರನ್ನು ಪೆಟ್ಟಿಗೆಯಲ್ಲಿಡದೆ ಮೆಟಾಲಿಕಾದ ಕಚೇರಿಗಳಿಗೆ ಒಯ್ದು ನುಡಿಸುತ್ತಿರುವುದು ಆತನ ಸ್ವಂತದ ಔದಾರ್ಯ, ಪದ್ಧತಿಯಲ್ಲ.

ಒಂದು ಸಮಾಧಾನವೆಂದರೆ, ಬೆಲೆಯ ಕಾವಲುಗಾರರು ಒಂದು ಬಾಗಿಲನ್ನು ಮುಚ್ಚಿದಾಗ ತರುಣರು ಹಿತ್ತಲಿನಿಂದ ನುಗ್ಗುತ್ತಾರೆ. ಫೆಂಡರಿನ ಜಾಸ್‌ಮಾಸ್ಟರು 1958ರಲ್ಲಿಯೂ ಜಾಗ್ವಾರು 1962ರಲ್ಲಿಯೂ ಬಂದು, ಜಾಸ್ ವಾದಕರೂ ಒಪ್ಪದೆ, ರಾಕ್ ವಾದಕರೂ ಹೆಚ್ಚು ಕಾಲ ಹಚ್ಚಿಕೊಳ್ಳದೆ, ಕ್ರಮೇಣ ತಯಾರಿಕೆಯೇ ನಿಂತು, 1980ರ ದಶಕದಲ್ಲಿ ಅಡವಿನ ಅಂಗಡಿಗಳಲ್ಲಿ ಧೂಳು ತಿನ್ನುತ್ತಿದ್ದುವು. ಸ್ಟ್ರಾಟೋಕ್ಯಾಸ್ಟರಿಗೆ ಹಣ ಸಾಲದ ಸೋನಿಕ್ ಯೂತ್ ಮೇಳದವರು ಅವನ್ನು ಕೊಂಡು, ತಂತಿಗಳನ್ನು ತಮಗೆ ತೋಚಿದ ಶ್ರುತಿಗಳಿಗೆ ಬಿಗಿದು, ಸೇತುವೆಯ ಹಿಂದಣ ನಿರುಪಯೋಗಿ ತಂತಿಯನ್ನು ಮೀಟಿ ಸಹ ಧ್ವನಿ ತೆಗೆದರು. ನಿರ್ವಾಣ ಮೇಳದ ಕರ್ಟ್ ಕೋಬೇನನ ಕೈಯಲ್ಲಿ ಹಳೆಯ ಜಾಗ್ವಾರೊಂದು ಕಾಣಿಸಿಕೊಂಡಿತು. ಇಂದು ಅವಕ್ಕೂ ಸಂಗ್ರಾಹಕರಿದ್ದಾರೆ, ಅವಕ್ಕೂ ನೇರಳಾತೀತ ದೀಪ ಬಂದಿದೆ. ನಮ್ಮ ದೇಶದಲ್ಲಿ ಆಮದಿನ ಲೈಸೆನ್ಸೂ ಸುಂಕವೂ ಬಿಗಿಯಾಗಿದ್ದ ಕಾಲದಲ್ಲಿ ಬೆಂಗಳೂರಿನ ಕಾಲೇಜು ಹುಡುಗರು ಕಲ್ಕತ್ತೆಯ ಕಾರ್ಖಾನೆಗಳ ಗಿಟಾರುಗಳ ಮೇಲೆ ಬೆರಳು ಬೊಬ್ಬೆಯೆಬ್ಬಿಸಿಕೊಂಡು ಕಲಿತರಷ್ಟೆ; ಅವನ್ನು ಇಂದು ಯಾರೂ ವಿಂಟೇಜ್ ಎನ್ನುವುದಿಲ್ಲ, ಗುಜರಿಯವನು ಕೂಡ ಹಿಂದುಮುಂದು ನೋಡುತ್ತಾನೆ. ಸಾಕ್ಷಿಗುಣವೇ ಮೌಲ್ಯವಾದರೆ ಇಲ್ಲಿಯ ಸಂಗೀತದ ಚರಿತ್ರೆಗೆ ಕ್ಯಾಲಮಜೂವಿನ ಗಿಟಾರಿಗಿಂತ ಅವೇ ಹತ್ತಿರದ ಸಾಕ್ಷಿಗಳು. ಅಂಥದೊಂದು ಯಾರ ಮನೆಯ ಅಟ್ಟದ ಮೇಲಾದರೂ ಉಳಿದಿದ್ದರೆ, ಸವೆದ ಬಿರಡೆಗಳನ್ನು ಬದಲಿಸಿ, ಬೆಸುಗೆಯನ್ನು ಸರಿಮಾಡಿಸಿ, ಹೊಸ ತಂತಿ ಹಾಕಿಸಿ ಮನೆಯ ಹುಡುಗರ ಕೈಗೆ ಕೊಡುವುದು ಮೇಲು. ಬಣ್ಣ ಕೆರೆಯುವುದೋ ಬಿಡುವುದೋ, ಅದು ಅವರಿಗೆ ಬಿಟ್ಟ ವಿಷಯ.